ಉಷ್ಣತೆಗೆ ಬೆಲೆ ಕಟ್ಟುವುದನ್ನು ಕಲಿಯೋಣ

ನಮ್ಮ ಸಣ್ಣ ಯಂತ್ರ ತಯಾರಕರು ಕೊಟೇಶನ್ ಸಿದ್ಧಪಡಿಸುವ ಕ್ರಮವನ್ನು ಸುಮಾರು ಮೂರು ದಶಕಗಳಿಂದ ಹತ್ತಿರದಿಂದ ಕಂಡಿದ್ದೇನೆ. ಉಕ್ಕು ಎಷ್ಟು ಕಿಲೋ, ಲೇತು ಮತ್ತು ಮಿಲ್ಲಿಂಗ್ ಯಂತ್ರದ ಮೇಲೆ ಎಷ್ಟು ಗಂಟೆ, ಹೊರಗಿನಿಂದ ಕೊಳ್ಳಬೇಕಾದ ಭಾಗಗಳ ಬೆಲೆ ಎಷ್ಟು ಎಂದು ಕೂಡಿಸಿ, ಅದರ ಮೇಲೆ ಶೇ 15ರಿಂದ 20ರಷ್ಟು ಲಾಭಾಂಶ ಸೇರಿಸಿದರೆ ಕೊಟೇಶನ್ ಸಿದ್ಧವಾಯಿತು. ಜಿಗ್, ಫಿಕ್ಸ್‌ಚರ್, ಪ್ರೆಸ್ ಮುಂತಾದ ಪರಿಚಿತ ಸರಕುಗಳಿಗೆ ಈ ಕ್ರಮ ಸಾಕಾಗುತ್ತದೆ. ಆದರೆ ಸಂಶೋಧನಾಲಯಗಳಿಗೆ ಬೇಕಾಗುವ ಪರೀಕ್ಷಾ ಉಪಕರಣಗಳಿಗೂ ಇದೇ ಕ್ರಮವನ್ನು ಅನುಸರಿಸಿದರೆ ಉದ್ಯಮಿಯು ನಷ್ಟಕ್ಕೆ ಗುರಿಯಾಗುವುದು ಖಚಿತ. ನನ್ನ ಕಕ್ಷಿದಾರರೊಬ್ಬರ ಅನುಭವದ ಆಧಾರದಿಂದ ಈ ವಿಷಯವನ್ನು ಸದಸ್ಯ ಬಾಂಧವರ ಮುಂದಿಡಬಯಸುತ್ತೇನೆ. ಈ ನಷ್ಟದಲ್ಲಿ ನನ್ನದೂ ಒಂದು ಪಾಲಿನ ತಪ್ಪಿದೆ.

ಪೀಣ್ಯದಲ್ಲಿ ಹನ್ನೊಂದು ಮಂದಿ ಕೆಲಸಗಾರರ ಕಾರ್ಯಾಗಾರವನ್ನು ನಡೆಸುತ್ತಿರುವ ಈ ಮಹನೀಯರು ಟೂಲ್‌ರೂಂ ಕೆಲಸದಲ್ಲಿ ಪಳಗಿದವರು. ಸ್ಪ್ರಿಂಗ್ ಪರೀಕ್ಷಿಸುವ ಸಣ್ಣ ಯಂತ್ರಗಳನ್ನೂ, ಎಳೆತ ಪರೀಕ್ಷೆಯ ಗ್ರಿಪ್‌ಗಳನ್ನೂ ಮಾಡಿ ಹೆಸರು ಗಳಿಸಿದ್ದರು. ಕೆಲವು ವರ್ಷಗಳ ಹಿಂದೆ ಒಂದು ಸಂಶೋಧನಾ ಸಂಸ್ಥೆಯಿಂದ ಇವರಿಗೆ ಹೊಸ ಬಗೆಯ ಬೇಡಿಕೆ ಬಂದಿತು. ಆಕಾರ ಸ್ಮೃತಿಯುಳ್ಳ ಮಿಶ್ರಲೋಹದ ತಂತಿಯನ್ನು ಸ್ಥಿರವಾದ ಭಾರದಲ್ಲಿ ಹಿಡಿದು, ಬಿಸಿ ಮಾಡಿ, ತಣಿಸಿ, ಅದರ ಉದ್ದದಲ್ಲಾಗುವ ವ್ಯತ್ಯಾಸವನ್ನು ಅಳೆಯುವ ಯಂತ್ರ ಬೇಕಾಗಿತ್ತು.

ಈ ಲೋಹದ ವಿಶೇಷವೇನು?

ವಾಣಿಜ್ಯ ಪದವೀಧರನಾದ ನಾನು ಇದನ್ನು ಅರ್ಥಮಾಡಿಕೊಂಡದ್ದು ಕಕ್ಷಿದಾರರ ಲೆಕ್ಕಪುಸ್ತಕಗಳ ಮೂಲಕ. ಓದುಗರಿಗೆ ಅಗತ್ಯವಿರುವಷ್ಟನ್ನು ಮಾತ್ರ ಹೇಳುತ್ತೇನೆ.

ಶೇಪ್ ಮೆಮೊರಿ ಅಲಾಯ್ ಎಂದು ಕರೆಯಲಾಗುವ ಈ ಲೋಹಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ನಿಟಿನಾಲ್. ನಿಕಲ್ ಮತ್ತು ಟೈಟೇನಿಯಂ ಪರಮಾಣುಗಳು ಹೆಚ್ಚುಕಡಿಮೆ ಸಮಪ್ರಮಾಣದಲ್ಲಿರುವ ಈ ಮಿಶ್ರಲೋಹದ ಗುಣ ಬೆಳಕಿಗೆ ಬಂದದ್ದು ಅಮೆರಿಕಾದ ನೌಕಾ ಶಸ್ತ್ರಾಸ್ತ್ರ ಪ್ರಯೋಗಾಲಯದಲ್ಲಿ. ಹೆಸರಿನ ಕೊನೆಯ ಭಾಗ ಆ ಪ್ರಯೋಗಾಲಯದ ಆದ್ಯಕ್ಷರಗಳಿಂದ ಬಂದದ್ದು. 1961ರಲ್ಲಿ ಅಲ್ಲಿನ ಒಂದು ಸಭೆಯಲ್ಲಿ, ಮಡಿಕೆ ಮಡಿಕೆಯಾಗಿ ಬಾಗಿಸಿದ್ದ ಪಟ್ಟಿಯನ್ನು ಒಬ್ಬರಿಂದೊಬ್ಬರಿಗೆ ಕೊಟ್ಟು ನೋಡುತ್ತಿದ್ದಾಗ, ಅಧಿಕಾರಿಯೊಬ್ಬರು ತಮ್ಮ ಪೈಪಿನ ಲೈಟರನ್ನು ಅದಕ್ಕೆ ಹಿಡಿದರಂತೆ. ಪಟ್ಟಿ ತಾನಾಗಿ ನೇರವಾಯಿತು.

ತಂಪಾಗಿರುವಾಗ ಈ ಲೋಹದ ಒಳರಚನೆ ಒಂದು ಬಗೆ, ಬಿಸಿಯಾದಾಗ ಮತ್ತೊಂದು ಬಗೆ. ತಂಪು ಸ್ಥಿತಿಯಲ್ಲಿ ಬಾಗಿಸಿದ್ದು ಬಿಸಿ ಮಾಡಿದೊಡನೆ ಮೂಲ ಆಕಾರಕ್ಕೆ ಮರಳುತ್ತದೆ. ಬದಲಾವಣೆ ಆರಂಭವಾಗುವ ಮತ್ತು ಮುಗಿಯುವ ಉಷ್ಣತೆಗಳು ಬಿಸಿಯೇರುವಾಗ ಎರಡು, ತಣಿಯುವಾಗ ಎರಡು. ಹೀಗೆ ಒಟ್ಟು ನಾಲ್ಕು. ಈ ನಾಲ್ಕು ಅಂಕಿಗಳೇ ಆ ಲೋಹದ ಜಾತಕ. ನಿಕಲ್‌ನ ಪ್ರಮಾಣದಲ್ಲಿ ಪರಮಾಣು ಲೆಕ್ಕದ ಶೇ 0.1ರಷ್ಟು ವ್ಯತ್ಯಾಸವಾದರೂ ಈ ಉಷ್ಣತೆಗಳು ಸುಮಾರು 10 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಸರಿಯಬಹುದು. ಹಲ್ಲುಗಳನ್ನು ಸರಿಪಡಿಸುವ ತಂತಿ, ಕಾಲಿನ ರಕ್ತನಾಳಗಳಲ್ಲಿ ತಾನಾಗಿ ಅರಳುವ ಸ್ಟೆಂಟ್ ಮುಂತಾದುವು ಇದೇ ಲೋಹದಿಂದ ಆಗುತ್ತವೆ. ದೇಹದ 37 ಡಿಗ್ರಿಯಲ್ಲಿ ಸ್ಟೆಂಟ್ ಪೂರ್ಣವಾಗಿ ಅರಳಬೇಕಾದರೆ ಆಕಾರ ಮರಳುವ ಕ್ರಿಯೆ ಅದಕ್ಕಿಂತ ಕೆಳಗಿನ ಉಷ್ಣತೆಯಲ್ಲೇ ಮುಗಿಯಬೇಕು. ಐದಾರು ಡಿಗ್ರಿಯ ತಪ್ಪು ಇಲ್ಲಿ ರೋಗಿಯ ಪ್ರಶ್ನೆಯಾಗುತ್ತದೆ.

ಲೈಟರಿನಿಂದ ಲೋಹಕ್ಕೆ ಸ್ಮೃತಿ ಇದೆ ಎಂಬುದು ತಿಳಿಯಿತು. ಎಷ್ಟು ಡಿಗ್ರಿಗೆ, ಎಷ್ಟು ಭಾರದಲ್ಲಿ, ಎಷ್ಟು ಬಾರಿ ಎಂಬುದನ್ನು ತಿಳಿಯಲು ಯಂತ್ರ ಬೇಕು. ಖರೀದಿದಾರರು ಹಣ ಕೊಡುವುದು ಈ ಉತ್ತರಗಳಿಗಾಗಿ.

ನಡೆದದ್ದೇನು?

ಕಕ್ಷಿದಾರರು ಹಾಕಿದ ಅಂದಾಜು ಹೀಗಿತ್ತು: ಚೌಕಟ್ಟು ಮತ್ತು ಇತರ ಉಕ್ಕಿನ ಸಾಮಗ್ರಿ 1,85,000 ರೂಪಾಯಿ, ಲೋಡ್ ಸೆಲ್, ಮೋಟಾರು, ಸ್ಕ್ರೂ, ನಿಯಂತ್ರಕ ಮೊದಲಾದ ಖರೀದಿ ಭಾಗಗಳು 3,60,000, ಯಂತ್ರಗೆಲಸ ಮತ್ತು ಕೂಲಿ 1,70,000, ಮೇಲುಖರ್ಚು 70,000. ಒಟ್ಟು 7,85,000 ರೂಪಾಯಿ. ಸುಮಾರು ಶೇ 20ರ ಲಾಭಾಂಶ ಸೇರಿಸಿ 9,40,000 ರೂಪಾಯಿಗೆ, ತೆರಿಗೆ ಪ್ರತ್ಯೇಕ ಎಂದು ನಮೂದಿಸಿ, ಕೊಟೇಶನ್ ನೀಡಿದರು. ಅದನ್ನು ನಾನೂ ನೋಡಿ ಸರಿ ಎಂದಿದ್ದೆ.

ಪರ್ಚೇಸ್ ಆರ್ಡರಿನ ತಾಂತ್ರಿಕ ವಿವರಗಳ ನಡುವೆ ಒಂದು ಸಾಲಿತ್ತು: ತಂತಿಯ 100 ಮಿಲಿಮೀಟರ್ ಉದ್ದಕ್ಕೂ ಉಷ್ಣತೆಯು 1 ಡಿಗ್ರಿಗಿಂತ ಹೆಚ್ಚು ಏರುಪೇರಾಗಬಾರದು. ಆ ಸಾಲಿಗೆ ನಾವಿಬ್ಬರೂ ಒಂದು ರೂಪಾಯಿಯನ್ನೂ ಇಟ್ಟಿರಲಿಲ್ಲ.

ಯಂತ್ರ ಅಂದವಾಗಿ ತಯಾರಾಯಿತು. ಎರಡು ಹೋಳಾಗಿ ತೆರೆಯುವ ಕುಲುಮೆ, ನಡುವೆ ಒಂದು ಥರ್ಮೋಕಪಲ್. ಪರೀಕ್ಷೆಯ ದಿನ ವಿಜ್ಞಾನಿಗಳು ತಂತಿಯ ಉದ್ದಕ್ಕೂ ತಮ್ಮದೇ ಸಂವೇದಕಗಳನ್ನು ಇಟ್ಟು ನೋಡಿದರು. ನಡುವೆ 90 ಡಿಗ್ರಿ ಇದ್ದಾಗ ಗ್ರಿಪ್‌ಗಳ ಬಳಿ 82 ಡಿಗ್ರಿ ಇತ್ತು. ಗ್ರಿಪ್ ಎಂದರೆ ದಪ್ಪನೆಯ ಉಕ್ಕಿನ ತುಂಡು; ಅದು ತಂತಿಯ ತುದಿಯಿಂದ ಶಾಖವನ್ನು ಹೀರಿಕೊಳ್ಳುತ್ತದೆ. ತಂತಿಯ ನಡುಭಾಗ ಮರಳಿ ಆಕಾರ ಪಡೆಯುತ್ತಿತ್ತು, ತುದಿಗಳು ಪಡೆಯುತ್ತಿರಲಿಲ್ಲ. ಯಂತ್ರ ಬರೆಯುತ್ತಿದ್ದ ರೇಖೆ ಎರಡರ ಸರಾಸರಿಯೂ ಅಲ್ಲದ, ಯಾವ ಉಪಯೋಗಕ್ಕೂ ಬಾರದ ರೇಖೆಯಾಗಿತ್ತು.

8 ಡಿಗ್ರಿ ಅಷ್ಟು ದೊಡ್ಡದೇ ಎಂದು ನಾನು ಕೇಳಿದ್ದುಂಟು. ನಿಟಿನಾಲ್‌ನಲ್ಲಿ ಉಷ್ಣತೆ ಒಂದು ಡಿಗ್ರಿ ಏರಿದರೆ, ಒಳರಚನೆಯನ್ನು ಎಳೆದು ಬದಲಾಯಿಸಲು ಬೇಕಾಗುವ ಒತ್ತಡ ಸಾಮಾನ್ಯವಾಗಿ 6ರಿಂದ 8 ಮೆಗಾಪಾಸ್ಕಲ್‌ನಷ್ಟು ಏರುತ್ತದೆ. 0.5 ಮಿಲಿಮೀಟರ್ ವ್ಯಾಸದ ತಂತಿಯಲ್ಲಿ 8 ಡಿಗ್ರಿಯ ವ್ಯತ್ಯಾಸವೆಂದರೆ ಸುಮಾರು 1 ಕಿಲೋಗ್ರಾಂ ತೂಕದಷ್ಟು ತಪ್ಪು. ಗ್ರಾಂ ಲೆಕ್ಕದಲ್ಲಿ ಭಾರ ಅಳೆಯುವ ಲೋಡ್ ಸೆಲ್ ಹಾಕಿ, ಉಷ್ಣತೆಯಲ್ಲಿ ಕಿಲೋ ಲೆಕ್ಕದ ತಪ್ಪು ಮಾಡಿದಂತಾಯಿತು. "ಸಾರ್, ಕಬ್ಬಿಣ ನಮಗೆ ಗೊತ್ತಿತ್ತು, ಶಾಖ ಗೊತ್ತಿರಲಿಲ್ಲ" ಎಂದು ಅವರು ಅಂದು ನನ್ನ ಕಚೇರಿಯಲ್ಲಿ ಕುಳಿತು ಹೇಳಿದರು.

ತಾಂತ್ರಿಕ ಪಾಠಗಳು

ಮುಂದಿನ ಐದು ತಿಂಗಳು ಅವರು ಕಲಿತದ್ದನ್ನು ಇಂತಹ ಕೆಲಸಕ್ಕೆ ಕೈಹಾಕುವ ಇತರರಿಗಾಗಿ ಸಂಗ್ರಹವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಬಿಸಿ ಮಾಡುವ ವಿಧಾನ. ಬಿಸಿಗಾಳಿಯ ಕುಲುಮೆ ಸರಳ ಮತ್ತು ಅಗ್ಗ; ಆದರೆ ಫ್ಯಾನ್ ಇಟ್ಟರೂ ಮೇಲುಭಾಗ ಬಿಸಿಯಾಗಿಯೂ ಕೆಳಭಾಗ ತಂಪಾಗಿಯೂ ಉಳಿಯುತ್ತದೆ. ತಂತಿಯಲ್ಲೇ ವಿದ್ಯುತ್ ಹರಿಸಿದರೆ ಕ್ಷಣಾರ್ಧದಲ್ಲಿ ಕಾಯುತ್ತದೆ. ಆದರೆ ಗ್ರಿಪ್‌ಗಳಿಗೆ ವಿದ್ಯುತ್ ನಿರೋಧಕ ಬೇಕು, ತಂತಿಯ ನಿಜವಾದ ಉಷ್ಣತೆಯನ್ನು ಅಳೆಯುವುದು ಕಷ್ಟ, ಒಳರಚನೆ ಬದಲಾದಂತೆ ಲೋಹದ ವಿದ್ಯುತ್ ರೋಧವೂ ಬದಲಾಗುತ್ತದೆ. ಸಿಲಿಕೋನ್ ಎಣ್ಣೆಯ ತೊಟ್ಟಿಯಲ್ಲಿ ತಂತಿಯನ್ನೂ ಗ್ರಿಪ್‌ಗಳನ್ನೂ ಮುಳುಗಿಸಿ, ಎಣ್ಣೆಯನ್ನು ಕಲಕುತ್ತಾ ನಿಧಾನವಾಗಿ ಕಾಯಿಸಿದರೆ ಉಷ್ಣತೆ ಸಮನಾಗಿರುತ್ತದೆ. ಆದರೆ ಎಣ್ಣೆ ಸೋರದಂತೆ ನೋಡಿಕೊಳ್ಳಬೇಕು, ವೇಗ ಕಡಿಮೆ. ಫ್ಯಾನ್ ಇಟ್ಟ ಕುಲುಮೆ ಮತ್ತು ಮೂರು ವಲಯಗಳ ಹೀಟರ್ ಎರಡೂ ವಿಫಲವಾದ ಮೇಲೆ ಕಕ್ಷಿದಾರರು ಎಣ್ಣೆ ತೊಟ್ಟಿಗೆ ಬಂದರು, ಗೆದ್ದರು.

ಎರಡನೆಯದಾಗಿ, ಉಷ್ಣತಾ ಸಂವೇದಕ. ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಕೆ ಮಾದರಿಯ ಥರ್ಮೋಕಪಲ್‌ಗೆ, ಮೊದಲ ದರ್ಜೆಯದ್ದಾದರೂ, 1.5 ಡಿಗ್ರಿಯಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ಎ ದರ್ಜೆಯ ಪಿಟಿ 100 ಪ್ಲಾಟಿನಂ ಸಂವೇದಕಕ್ಕೆ 100 ಡಿಗ್ರಿಯಲ್ಲಿ 0.35 ಡಿಗ್ರಿ ಮಾತ್ರ. 1 ಡಿಗ್ರಿಯ ಕರಾರಿಗೆ 1.5 ಡಿಗ್ರಿಯ ಅಳತೆಗೋಲು ಹಿಡಿದು ಹೊರಟದ್ದು ಮೊದಲ ದಿನದ ತಪ್ಪು. ಸಾಲದೆಂಬಂತೆ ಆ ಸಂವೇದಕಕ್ಕೆ ಕ್ಯಾಲಿಬ್ರೇಶನ್ ಪ್ರಮಾಣಪತ್ರವೂ ಇರಲಿಲ್ಲ. ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ನಿಟಿನಾಲ್‌ನ ಎಳೆತ ಪರೀಕ್ಷೆಗೆ ಸಂಬಂಧಿಸಿದ ಎಎಸ್‌ಟಿಎಂ ಎಫ್ 2516 ಮಾನಕವೇ 22 ಡಿಗ್ರಿ, 2 ಡಿಗ್ರಿ ಹೆಚ್ಚುಕಡಿಮೆ ಎಂದು ವಿಧಿಸುತ್ತದೆ. ಕೋಣೆಯ ಉಷ್ಣತೆಗೇ ಇಷ್ಟು ಕಟ್ಟುನಿಟ್ಟಿರುವಾಗ ಬಿಸಿ ಮಾಡುವ ಯಂತ್ರದ ವಿಷಯದಲ್ಲಿ ಉದಾಸೀನ ಸಲ್ಲದು.

ಮೂರನೆಯದಾಗಿ, ತಣಿಸುವ ವ್ಯವಸ್ಥೆ. ಬಿಸಿ ಮಾಡುವುದನ್ನು ಎಲ್ಲರೂ ಯೋಚಿಸುತ್ತಾರೆ. ಪರೀಕ್ಷೆಯ ಅರ್ಧಭಾಗ ತಣಿಯುವಿಕೆ ಎಂಬುದು ಮರೆತುಹೋಗುತ್ತದೆ. ಕೆಲವು ತಂತಿಗಳಲ್ಲಿ ತಣಿಯುವಾಗಿನ ಬದಲಾವಣೆ ಮುಗಿಯುವುದು ಕೋಣೆಯ ಉಷ್ಣತೆಗಿಂತ ಕೆಳಗೆ. ಶೀತಕ ವ್ಯವಸ್ಥೆ ಇಲ್ಲದಿದ್ದರೆ ಆ ಪರೀಕ್ಷೆ ಪೂರ್ಣವಾಗುವುದೇ ಇಲ್ಲ.

ನಾಲ್ಕನೆಯದಾಗಿ, ಲೋಡ್ ಸೆಲ್ಲನ್ನು ಶಾಖದಿಂದ ದೂರವಿಡುವುದು. ಬಿಸಿಯಾದ ಲೋಡ್ ಸೆಲ್ ಭಾರವಿಲ್ಲದೆಯೂ ಅಂಕಿ ತೋರಿಸುತ್ತದೆ. ಉದ್ದನೆಯ ಎಳೆಸಲಾಕೆ, ಶಾಖ ತಡೆಯುವ ತಗಡು, ಅಗತ್ಯವಿದ್ದರೆ ನೀರಿನ ತಂಪು, ಇವೆಲ್ಲವೂ ಖರ್ಚಿನ ಬಾಬುಗಳೇ.

ಲೆಕ್ಕಪತ್ರದ ಪಾಠಗಳು

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಎಸೆದ ಎರಡು ಕುಲುಮೆಗಳಿಗೆ 1,40,000 ರೂಪಾಯಿ, ಎಣ್ಣೆ ತೊಟ್ಟಿಗೆ 95,000, ಸಂವೇದಕ ಮತ್ತು ಕ್ಯಾಲಿಬ್ರೇಶನ್‌ಗೆ 68,000, ಐದು ತಿಂಗಳ ಹೆಚ್ಚುವರಿ ಕೂಲಿ 1,92,000. ಒಟ್ಟು 4,95,000 ರೂಪಾಯಿ ಹೆಚ್ಚಿಗೆ ಖರ್ಚಾಯಿತು. 12,80,000 ರೂಪಾಯಿಯ ಯಂತ್ರ 9,40,000 ರೂಪಾಯಿಗೆ ಹೋಯಿತು. ನೇರ ನಷ್ಟ 3,40,000. ಇದಲ್ಲದೆ ಬೆಲೆಯ ಶೇ 40ರಷ್ಟು, ಅಂದರೆ 3,76,000 ರೂಪಾಯಿ, ಹದಿನಾಲ್ಕು ತಿಂಗಳು ಬರಲಿಲ್ಲ: ಐದು ತಿಂಗಳು ದುರಸ್ತಿಗೆ, ಆರು ತಿಂಗಳು ಸಹಿ ಹಾಕಬೇಕಾದವರು ವಿದೇಶದಲ್ಲಿದ್ದುದರಿಂದ, ಮೂರು ತಿಂಗಳು ಬಿಲ್ಲು ಪಾಸಾಗಲು. ಶೇ 11ರ ಓವರ್‌ಡ್ರಾಫ್ಟ್ ಬಡ್ಡಿಯಲ್ಲಿ ಇದೊಂದೇ ಸುಮಾರು 48 ಸಾವಿರ ರೂಪಾಯಿ.

ನನ್ನ ತಪ್ಪು ಇಲ್ಲಿಂದ ಮುಂದಿನದು. ಆ 4,95,000 ರೂಪಾಯಿಯನ್ನು ನಾನು ಒಟ್ಟಾಗಿ ಆ ಕಾಮಗಾರಿಯ ನಷ್ಟವೆಂದು ತೋರಿಸಿದೆ. ಶಾಸನದ ದೃಷ್ಟಿಯಿಂದ ಅದರಲ್ಲಿ ದೋಷವಿರಲಿಲ್ಲ. ಆದರೆ ಆ ತಃಖ್ತೆಯನ್ನು ನೋಡಿದ ಕಕ್ಷಿದಾರರು "ಇನ್ನು ಈ ಸಹವಾಸವೇ ಬೇಡ" ಎಂದರು, ನಾನೂ ತಲೆಯಾಡಿಸಿದೆ. ಆನಂತರ ಬಂದ ಎರಡು ವಿಚಾರಣೆಗಳಿಗೆ ಅವರು ಉತ್ತರವನ್ನೇ ಬರೆಯಲಿಲ್ಲ. ಅವುಗಳಲ್ಲೊಂದು ವಿದೇಶೀ ತಯಾರಕರ ಪಾಲಾಯಿತೆಂದು ತಿಳಿಯಿತು. ಎಸೆದ ಕುಲುಮೆಗಳ ಖರ್ಚು ಮತ್ತೆ ಬರುವಂಥದ್ದಲ್ಲ, ಎಣ್ಣೆ ತೊಟ್ಟಿಯ ಖರ್ಚು ಪ್ರತಿ ಯಂತ್ರಕ್ಕೂ ಬರುವಂಥದ್ದು. ಈ ಎರಡನ್ನೂ ಬೇರ್ಪಡಿಸಿ ತೋರಿಸಿದ್ದರೆ ಅವರ ನಿರ್ಧಾರ ಬೇರೆಯಾಗುತ್ತಿತ್ತು. ಕಲಿತ ವಿದ್ಯೆಯನ್ನು ನಷ್ಟದ ಖಾತೆಗೆ ಬರೆದು ಮುಚ್ಚಿದ್ದಕ್ಕೆ ನಾನು ಹೊಣೆ.

ಇಂತಹ ಪ್ರಯೋಗಗಳ ಖರ್ಚನ್ನು ಆಸ್ತಿಯಾಗಿ ತೋರಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಲೆಕ್ಕಪತ್ರ ಮಾನಕ 26ರ ಪ್ರಕಾರ ಸಂಶೋಧನೆಯ ಹಂತದ ಖರ್ಚು ಆಯಾ ವರ್ಷದ ಖರ್ಚೇ. ಅಭಿವೃದ್ಧಿಯ ಹಂತದ ಖರ್ಚನ್ನು ಮಾತ್ರ, ಅದೂ ತಾಂತ್ರಿಕ ಸಾಧ್ಯತೆ, ಮಾರುಕಟ್ಟೆ, ಸಂಪನ್ಮೂಲ ಮುಂತಾದ ಷರತ್ತುಗಳು ಪೂರೈಸಿದಾಗ ಆಸ್ತಿಯೆಂದು ತೋರಿಸಬಹುದು. ಒಂದೇ ಯಂತ್ರ ಮಾಡಿದವರು ಇದಕ್ಕೆ ಆತುರಪಡಬಾರದು. ಆದರೆ ಆಂತರಿಕ ವೆಚ್ಚಪತ್ರಿಕೆಯಲ್ಲಿ ಬೇರ್ಪಡಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಆದಾಯ ತೆರಿಗೆಯ ವಿಷಯದಲ್ಲಿ, 1961ರ ಕಾಯ್ದೆಯ 35ನೇ ಕಲಮಿನ ಕೆಳಗೆ ಸ್ವಂತ ವ್ಯವಹಾರಕ್ಕೆ ಸಂಬಂಧಿಸಿದ ವೈಜ್ಞಾನಿಕ ಸಂಶೋಧನೆಯ ಬಂಡವಾಳ ವೆಚ್ಚವನ್ನು, ಭೂಮಿಯನ್ನುಳಿದು, ಅದೇ ವರ್ಷದಲ್ಲಿ ಪೂರ್ಣವಾಗಿ ಕಳೆಯಲು ಅವಕಾಶವಿತ್ತು. 2025ರ ಹೊಸ ಕಾಯ್ದೆಯಲ್ಲೂ ಇದಕ್ಕೆ ಸಮಾನವಾದ ಏರ್ಪಾಡಿದೆ. ಕಂಪನಿಗಳ ಆಂತರಿಕ ಸಂಶೋಧನೆಗಿದ್ದ ಶೇ 200ರ ವಿಶೇಷ ಕಡಿತವು 2017ರ ಏಪ್ರಿಲ್‌ನಿಂದ ಶೇ 150ಕ್ಕೂ, 2020ರ ಏಪ್ರಿಲ್‌ನಿಂದ ಶೇ 100ಕ್ಕೂ ಇಳಿಯಿತು. ಆದ್ದರಿಂದ ಹಳೆಯ ನೆನಪಿನ ಮೇಲೆ ಲೆಕ್ಕ ಹಾಕಬೇಡಿ. ಪ್ರಯೋಗದ ದಿನಚರಿ, ರೇಖಾಚಿತ್ರ, ಫಲಿತಾಂಶಗಳ ದಾಖಲೆ ಇಲ್ಲದೆ ಯಾವ ಕಡಿತವೂ ನಿಲ್ಲುವುದಿಲ್ಲ.

ಕರಾರಿನ ಪಾಠಗಳು

2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಸರಕು ಸ್ವೀಕೃತವಾದ 45 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇಲ್ಲಿ ಸ್ವೀಕೃತಿಯ ದಿನ ಯಾವುದು ಎಂಬುದೇ ಮುಖ್ಯ. ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತವಾಗಿ ಆಕ್ಷೇಪಿಸಿದರೆ, ಆ ಆಕ್ಷೇಪವನ್ನು ನಿವಾರಿಸಿದ ದಿನವೇ ಸ್ವೀಕೃತಿಯ ದಿನ. ನಮ್ಮ ಪ್ರಕರಣದಲ್ಲಿ ಎರಡನೆಯ ಪರೀಕ್ಷೆ ಉತ್ತೀರ್ಣವಾದ ದಿನದ ಬಗ್ಗೆ ಕಾಗದವೇ ಇರಲಿಲ್ಲ; ಎಲ್ಲವೂ ಬಾಯಿಮಾತು. ಆರು ತಿಂಗಳು ಅಲ್ಲಿಯೇ ಹೋಯಿತು. ಪರೀಕ್ಷೆಯ ವಿಧಾನ, ಉಷ್ಣತೆಯನ್ನು ಎಷ್ಟು ಕಡೆ ಅಳೆಯಬೇಕು, ಯಾರ ಸಂವೇದಕದಿಂದ, ಪರೀಕ್ಷೆಯ ದಿನವೇ ಇಬ್ಬರೂ ಸಹಿ ಮಾಡಬೇಕಾದ ಹಾಳೆಯ ನಮೂನೆ, ಇವೆಲ್ಲವೂ ಆರ್ಡರಿನ ಭಾಗವಾಗಿರಬೇಕು.

ನಿಗದಿತ ಅವಧಿಯಲ್ಲಿ ಸಣ್ಣ ಉದ್ಯಮಗಳಿಗೆ ಹಣ ಕೊಡದ ಖರೀದಿದಾರರಿಗೆ ಆ ಖರ್ಚಿನ ಕಡಿತವನ್ನು ಮುಂದೂಡುವ 43ಬಿ (ಎಚ್) ನಿಯಮದ ಬಗ್ಗೆ ಸದಸ್ಯರಲ್ಲಿ ಬಹಳ ಭರವಸೆಯಿದೆ. ತೆರಿಗೆಗೊಳಪಡುವ ವ್ಯಾಪಾರದ ಆದಾಯವೇ ಇಲ್ಲದ ಸಂಶೋಧನಾ ಸಂಸ್ಥೆಗೆ ಆ ಅಂಕುಶ ತಾಗುವುದಿಲ್ಲ ಎಂಬುದನ್ನು ನೆನಪಿಡಬೇಕು. ಅಂತಹವರ ವಿಷಯದಲ್ಲಿ ನಿಮ್ಮನ್ನು ಕಾಯುವುದು ಕರಾರು ಮಾತ್ರ. ಕಾಯ್ದೆಯ ಬಡ್ಡಿಯನ್ನು ಕೇಳುವ ಹಕ್ಕಿದ್ದರೂ, ನಾಳೆ ಮತ್ತೆ ಆರ್ಡರ್ ಕೊಡಬೇಕಾದವರ ಮೇಲೆ ದೂರು ಹೂಡಲು ಎಷ್ಟು ಮಂದಿ ಮುಂದಾಗುತ್ತಾರೆ?

ಮತ್ತೊಂದು ಮಾತು. ಸಾರ್ವಜನಿಕ ಅನುದಾನದ ಸಂಶೋಧನಾ ಸಂಸ್ಥೆಗಳಿಗೆ ಒದಗಿಸುವ ವೈಜ್ಞಾನಿಕ ಉಪಕರಣಗಳ ಮೇಲೆ ಷರತ್ತಿಗೊಳಪಟ್ಟು ಶೇ 5ರ ಜಿಎಸ್‌ಟಿ ರಿಯಾಯಿತಿ ಇತ್ತು. 2022ರ ಜುಲೈ 18ರಿಂದ ಅದನ್ನು ಹಿಂತೆಗೆದುಕೊಳ್ಳಲಾಗಿದ್ದು, ಇಂತಹ ಯಂತ್ರಕ್ಕೆ ಶೇ 18 ತೆರಬೇಕು. 9,40,000 ರೂಪಾಯಿಯ ಯಂತ್ರದ ಮೇಲೆ ವ್ಯತ್ಯಾಸ 1,22,200 ರೂಪಾಯಿ. ಹೂಡುವಳಿ ತೆರಿಗೆ ಜಮೆ ಪಡೆಯಲಾಗದ ಸಂಸ್ಥೆಗೆ ಇದು ಶುದ್ಧ ಖರ್ಚು. ಅನುದಾನದ ಮೊತ್ತ ನಿಗದಿಯಾಗಿರುವಾಗ ಆ ಹೊರೆ ಕೊನೆಗೆ ತಯಾರಕರ ಬೆಲೆಯನ್ನೇ ಅದುಮುತ್ತದೆ.

ಅನುಕೂಲಕರ ಬೆಳವಣಿಗೆಯೂ ಇದೆ. 2025ರ ಜೂನ್‌ನಲ್ಲಿ ಕೇಂದ್ರದ ವೈಜ್ಞಾನಿಕ ಇಲಾಖೆಗಳ ಸಂಶೋಧನಾ ಸಂಸ್ಥೆಗಳಿಗೆ ಖರೀದಿ ನಿಯಮಗಳನ್ನು ಸಡಿಲಿಸಲಾಯಿತು. ಖರೀದಿ ಸಮಿತಿಯ ಮೂಲಕ ಕೊಳ್ಳುವ ಮಿತಿ 10 ಲಕ್ಷದಿಂದ 25 ಲಕ್ಷ ರೂಪಾಯಿಗೆ ಏರಿತು. ಸಮಿತಿಯು ಮಾರುಕಟ್ಟೆಯನ್ನು ಪರಿಶೀಲಿಸಿ ಗುಣಮಟ್ಟ ಮತ್ತು ದರ ಎರಡನ್ನೂ ತೂಗಿ ನೋಡಬಹುದು. ನಾವು ಮಾತನಾಡುತ್ತಿರುವ ಯಂತ್ರಗಳು ಈ ಮಿತಿಯೊಳಗೇ ಬರುತ್ತವೆ. ಕಡಿಮೆ ದರವೊಂದನ್ನೇ ನಂಬಿ ನಷ್ಟಕ್ಕೆ ಬರೆಯುವ ಒತ್ತಡ ಇದರಿಂದ ತಗ್ಗಬೇಕು.

ನನ್ನ ಸಲಹೆಗಳು

ಇಂತಹ ಯಂತ್ರಗಳನ್ನು ಹೊರದೇಶದಿಂದಲೇ ತರಿಸುವುದು ಲೇಸೆಂದು ಹೇಳುವವರಿದ್ದಾರೆ. ದೇಹದೊಳಗೆ ಇಡುವ ಸಾಧನಗಳಿಗೆ ಪ್ರಮಾಣಪತ್ರ ನೀಡುವ ಪ್ರಯೋಗಾಲಯದ ಮಟ್ಟಿಗೆ ಆ ಮಾತನ್ನು ಒಪ್ಪಬಹುದು. ಆದರೆ ಸಂಶೋಧಕರಿಗೆ ಬೇಕಾಗುವುದು ತಮ್ಮ ತಂತಿಗೆ, ತಮ್ಮ ಪ್ರಶ್ನೆಗೆ ತಕ್ಕಂತೆ ಮಾರ್ಪಡಿಸಬಹುದಾದ, ಕೆಟ್ಟರೆ ಮರುದಿನವೇ ಬಂದು ನೋಡುವವರಿರುವ ಯಂತ್ರ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯಗಳಿರುವ ಊರಿನಲ್ಲಿ, ಪೀಣ್ಯದಂತಹ ಕೈಗಾರಿಕಾ ಪ್ರದೇಶವಿರುವಾಗ, ಈ ಎರಡರ ನಡುವಿನ ದಾರಿ ಕೇವಲ ಕೆಲವು ಕಿಲೋಮೀಟರಿನದು.

ನಮ್ಮ ವಾಣಿಜ್ಯ ಮಂಡಳಿಯು ಮೂರು ಕೆಲಸಗಳನ್ನು ಕೈಗೊಳ್ಳಬಹುದೆಂದು ವಿನಂತಿಸುತ್ತೇನೆ. ಪರೀಕ್ಷಾ ಉಪಕರಣಗಳಿಗೆ ಸ್ವೀಕೃತಿ ಪರೀಕ್ಷೆಯ ಹಾಳೆ ಸಹಿತವಾದ ಮಾದರಿ ಕರಾರನ್ನು ಸಿದ್ಧಪಡಿಸಿ ಸದಸ್ಯರಿಗೆ ಒದಗಿಸುವುದು. ಮಾನ್ಯತೆ ಪಡೆದ ಕ್ಯಾಲಿಬ್ರೇಶನ್ ಪ್ರಯೋಗಾಲಯಗಳೊಡನೆ ಸದಸ್ಯರಿಗಾಗಿ ಸಾಮೂಹಿಕ ದರ ಗೊತ್ತುಮಾಡಿಕೊಳ್ಳುವುದು. ಜಿಎಸ್‌ಟಿ ರಿಯಾಯಿತಿಯನ್ನು ಮರಳಿ ನೀಡುವಂತೆ ಮನವಿ ಸಲ್ಲಿಸುವುದು. ಇವುಗಳಲ್ಲಿ ಮೊದಲನೆಯದಕ್ಕೆ ಖರ್ಚೇ ಇಲ್ಲ.

ಕಡೆಯದಾಗಿ, ನಮ್ಮ ಕಕ್ಷಿದಾರರಿಗೆ ಇದೀಗ ಮೂರನೆಯ ವಿಚಾರಣೆ ಬಂದಿದೆ. ಈ ಬಾರಿ ಇಬ್ಬರೂ ಕುಳಿತು ವೆಚ್ಚಪತ್ರಿಕೆಯನ್ನು ಹೊಸದಾಗಿ ಬರೆದೆವು. ಯಂತ್ರಭಾಗ, ಖರೀದಿ, ಕೂಲಿ, ಮೇಲುಖರ್ಚು ಸೇರಿ 8,40,000 ರೂಪಾಯಿ, ಎಣ್ಣೆ ತೊಟ್ಟಿ ಮತ್ತು ತಣಿಸುವ ವ್ಯವಸ್ಥೆ 1,60,000, ಸಂವೇದಕ ಮತ್ತು ಕ್ಯಾಲಿಬ್ರೇಶನ್ 85,000, ಪ್ರಾಯೋಗಿಕ ಚಾಲನೆ ಮತ್ತು ಸ್ವೀಕೃತಿ ಪರೀಕ್ಷೆ 1,40,000, ಒಟ್ಟು 12,25,000. ಶೇ 20ರ ಲಾಭಾಂಶ ಸೇರಿ 14,70,000 ರೂಪಾಯಿ. "ಇಷ್ಟು ಬರೆದರೆ ಆರ್ಡರ್ ಬರುತ್ತದೆಯೇ ಸಾರ್?" ಎಂದು ಅವರು ಕೇಳಿದರು. ಬಾರದಿದ್ದರೆ ಕೊಟೇಶನ್ ಬರೆದ ಕಾಗದದ ಖರ್ಚಷ್ಟೇ, ಕಡಿಮೆಗೆ ಬಂದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತು ಎಂದೆ. ಕೊಟೇಶನ್ ಹೋಗಿದೆ. ಉತ್ತರಕ್ಕಾಗಿ ಕಾಯುತ್ತಿದ್ದೇವೆ.